ಓದುಗರ ಪ್ರಶ್ನೆ, ನಮ್ಮ ಉತ್ತರ: ಕಂಬೈನ್ ಹಾರ್ವೆಸ್ಟರ್ ಕೊಳ್ಳುವ ಮುನ್ನ

ಕಂಬೈನ್ ಹಾರ್ವೆಸ್ಟರ್ ಬಗ್ಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ‘ಯಾವ ಕಂಪನಿಯದು ಒಳ್ಳೆಯದು’ ಎಂದೇ ಕೇಳಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವು ಗೋಧಿ, ಬಾರ್ಲಿ ಮತ್ತು ಮೆಕ್ಕೆಜೋಳ ಬೆಳೆಯುತ್ತೇವೆ. ನಮ್ಮ ಹಳೆಯ ಸ್ಟ್ರಾ ವಾಕರ್ ಯಂತ್ರವನ್ನು ಬದಲಿಸಬೇಕಾಗಿದೆ. ಒಬ್ಬ ಡೀಲರ್ ಇನ್ನು ಮುಂದೆ ರೋಟರ್ ಯಂತ್ರವೇ ಗತಿ ಎನ್ನುತ್ತಾರೆ. ಮತ್ತೊಬ್ಬರು ಹುಲ್ಲು ಬೇಕಿದ್ದರೆ ವಾಕರ್ ಬಿಡಬೇಡಿ ಎನ್ನುತ್ತಾರೆ. ಯಾರ ಮಾತನ್ನು ನಂಬಬೇಕು?

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೆ ಇಬ್ಬರೂ ತಮ್ಮ ಮಳಿಗೆಯಲ್ಲಿ ಇರುವುದನ್ನೇ ಹೇಳುತ್ತಿದ್ದಾರೆ. ಕಂಪನಿಯ ಹೆಸರನ್ನು ಸದ್ಯಕ್ಕೆ ಬದಿಗಿಟ್ಟು, ಯಂತ್ರದ ಹೊಟ್ಟೆಯೊಳಗೆ ಕಾಳು ಹುಲ್ಲಿನಿಂದ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಆಯ್ಕೆಯ ಮುಕ್ಕಾಲು ಭಾಗ ಅಲ್ಲೇ ತೀರ್ಮಾನವಾಗುತ್ತದೆ.

ಸಾಂಪ್ರದಾಯಿಕ ಯಂತ್ರದಲ್ಲಿ ಬೆಳೆ ಅಡ್ಡಲಾಗಿ ತಿರುಗುವ ಡ್ರಮ್ಮಿಗೂ ಅದರ ಕೆಳಗೆ ಬಾಗಿದ ಜಾಲರಿಯಂತಿರುವ ಕಾನ್‌ಕೇವ್‌ಗೂ ನಡುವೆ ಒಂದೇ ಒಂದು ಸಲ, ಕಣ್ಣು ಮಿಟುಕಿಸುವಷ್ಟರಲ್ಲಿ, ಹಾದು ಹೋಗುತ್ತದೆ. ಬಹುಪಾಲು ಕಾಳು ಅಲ್ಲೇ ಉದುರಿ ಕೆಳಗಿನ ಜರಡಿಗೆ ಬೀಳುತ್ತದೆ. ಹುಲ್ಲಿನೊಳಗೆ ಸಿಕ್ಕಿಕೊಂಡ ಉಳಿದ ಕಾಳನ್ನು ಹಿಂದಿರುವ ವಾಕರ್‌ಗಳು, ಸಾಮಾನ್ಯವಾಗಿ ನಾಲ್ಕರಿಂದ ಆರು, ಹುಲ್ಲನ್ನು ಮೇಲಕ್ಕೆ ಎಗರಿಸಿ ಎಗರಿಸಿ ಕೊಡವಿ ಬಿಡಿಸುತ್ತವೆ. ಇಲ್ಲಿ ಕೆಲಸ ಮಾಡುವುದು ಕಾಳಿನ ಸ್ವಂತ ಭಾರ ಮಾತ್ರ. ಹುಲ್ಲಿನ ಪದರ ತೆಳುವಾಗಿದ್ದಷ್ಟು ಹೊತ್ತು ವಾಕರ್ ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ. ಪದರ ದಪ್ಪವಾಯಿತೆಂದರೆ ಕಾಳು ಕೆಳಗಿಳಿಯುವಷ್ಟರಲ್ಲಿ ಹುಲ್ಲು ಹೊರಗೆ ಬಿದ್ದಿರುತ್ತದೆ. ಆದ್ದರಿಂದಲೇ ವಾಕರ್ ಯಂತ್ರದಲ್ಲಿ ನಷ್ಟ ಒಂದು ವೇಗದವರೆಗೆ ಗಮನಕ್ಕೆ ಬಾರದಷ್ಟಿದ್ದು, ಅಲ್ಲಿಂದ ಮುಂದೆ ಸ್ವಲ್ಪ ವೇಗ ಹೆಚ್ಚಿಸಿದರೂ ಕಡಿದಾಗಿ ಏರುತ್ತದೆ.

ರೋಟರ್ ಯಂತ್ರದಲ್ಲಿ ವಾಕರ್ ಇರುವುದಿಲ್ಲ. ಉದ್ದನೆಯ ರೋಟರ್ ಒಂದು ಕೊಳವೆಯೊಳಗೆ ತಿರುಗುತ್ತದೆ. ಬೆಳೆ ಅದರ ಸುತ್ತ ಸುರುಳಿಯಾಗಿ ಹಲವು ಸುತ್ತು ಸಾಗುತ್ತ, ಮುಂಭಾಗದಲ್ಲಿ ಒಕ್ಕಣೆಯಾಗಿ, ಹಿಂಭಾಗದಲ್ಲಿ ಕಾಳು ಬೇರ್ಪಟ್ಟು ಹೊರಬರುತ್ತದೆ. ಕಾಳನ್ನು ಹೊರಕ್ಕೆ ತಳ್ಳುವುದು ಕೇಂದ್ರಾಪಗಾಮಿ ಬಲ. ಒಂದೇ ಏಟಿಗೆ ತೆನೆ ಒಡೆಯುವ ಬದಲು ಕಾಳನ್ನು ಕಾಳಿನೊಂದಿಗೆ, ಹುಲ್ಲಿನೊಂದಿಗೆ ಉಜ್ಜಿ ಬಿಡಿಸುವುದರಿಂದ ಕಾಳು ಸೀಳುವುದು ಕಡಿಮೆ. ಮೆಕ್ಕೆಜೋಳ, ಸೋಯಾ ಅವರೆ, ಬಿತ್ತನೆ ಬೀಜಕ್ಕಾಗಿ ಬೆಳೆದ ಗೋಧಿ ಇವುಗಳಿಗೆಲ್ಲ ಇದು ದೊಡ್ಡ ಅನುಕೂಲ. ಅಷ್ಟೇ ಉದ್ದದ ಯಂತ್ರದಲ್ಲಿ ಹೆಚ್ಚು ಬೆಳೆಯನ್ನು ಅರಗಿಸಿಕೊಳ್ಳುವ ಶಕ್ತಿಯೂ ಇದಕ್ಕಿದೆ. ಇದಕ್ಕೆ ತೆರಬೇಕಾದ ಬೆಲೆ ಎರಡು ಬಗೆಯದು. ಮೊದಲನೆಯದಾಗಿ, ರೋಟರ್ ಹೆಚ್ಚು ಶಕ್ತಿ ಬೇಡುತ್ತದೆ, ಹಸಿ ಕಾಂಡವಿರುವ ಬೆಳೆಯಲ್ಲಂತೂ ಹುಲ್ಲು ಹಗ್ಗದಂತೆ ಹೊಸೆದುಕೊಂಡು ಎಂಜಿನ್ ನರಳತೊಡಗುತ್ತದೆ. ಎರಡನೆಯದಾಗಿ, ಹುಲ್ಲು ತುಂಡು ತುಂಡಾಗಿ ಬರುತ್ತದೆ. ಹುಲ್ಲನ್ನು ಪೆಂಡಿ ಕಟ್ಟುವ ಯಂತ್ರವಾದ ಬೇಲರ್ ಅದನ್ನು ಎತ್ತುವಾಗ ಬಹಳಷ್ಟು ಪುಡಿ ನೆಲದಲ್ಲೇ ಉಳಿಯುತ್ತದೆ.

ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ಒಕ್ಕಣೆಗೆ ಅಡ್ಡ ಡ್ರಮ್, ಬೇರ್ಪಡಿಸುವುದಕ್ಕೆ ವಾಕರ್ ಬದಲು ರೋಟರ್. ಇದನ್ನು ಹೈಬ್ರಿಡ್ ಎನ್ನುತ್ತಾರೆ. ಸಾಮರ್ಥ್ಯ ರೋಟರಿನದು, ಬೆಳೆಯ ಸ್ಥಿತಿಗೆ ಹೊಂದಿಕೊಳ್ಳುವ ಗುಣ ಡ್ರಮ್ಮಿನದು. ಆದರೆ ಬೆಲೆ ಮತ್ತು ಬಿಡಿಭಾಗಗಳ ಸಂಖ್ಯೆ ಎರಡರದ್ದೂ ಸೇರಿದಷ್ಟು.

ನಿಮ್ಮ ಪತ್ರದಲ್ಲಿ ಹೇಳದೆ ಬಿಟ್ಟಿರುವ ಒಂದು ಸಂಗತಿಯ ಮೇಲೆ ಉತ್ತರ ನಿಂತಿದೆ: ಗೋಧಿ ಮತ್ತು ಬಾರ್ಲಿಯ ಹುಲ್ಲನ್ನು ನೀವು ಏನು ಮಾಡುತ್ತೀರಿ? ಅದನ್ನು ಪೆಂಡಿ ಕಟ್ಟಿ ಜಾನುವಾರುಗಳಿಗೆ ಹಾಕುವುದಾದರೆ ಅಥವಾ ಮಾರುವುದಾದರೆ, ಕೊಯ್ಲಿನ ಕಾಲದಲ್ಲಿ ತೇವ ಹೆಚ್ಚಿರುವುದಾದರೆ, ವಾಕರ್ ಯಂತ್ರವನ್ನು ಹಳತೆಂದು ತಳ್ಳಿಹಾಕಲು ಕಾರಣವಿಲ್ಲ. ಹುಲ್ಲನ್ನು ಕತ್ತರಿಸಿ ಹೊಲಕ್ಕೇ ಹರಡುವುದಾದರೆ, ಮೆಕ್ಕೆಜೋಳದ ಎಕರೆಗಳೇ ಹೆಚ್ಚಿದ್ದರೆ, ರೋಟರ್ ಕೊಳ್ಳಿ. ಎರಡೂ ಸಮಸಮವಾಗಿದ್ದು ಕೊಯ್ಲಿನ ದಿನಗಳು ಬಹಳ ಬಿಗಿಯಾಗಿದ್ದರೆ ಮಾತ್ರ ಹೈಬ್ರಿಡ್‌ನ ಹೆಚ್ಚುವರಿ ವೆಚ್ಚಕ್ಕೆ ಅರ್ಥವಿದೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಹಾಗಾದರೆ ಕಂಪನಿ ಯಾವುದಾದರೂ ಒಂದೇ ಎಂದು ತಿಳಿಯಬಹುದೇ? ಬಣ್ಣ ಬೇರೆ, ಒಳಗೆಲ್ಲ ಒಂದೇ ಎಂದು ಕೆಲವರು ಹೇಳುತ್ತಾರೆ.

ಉತ್ತರ: ಒಂದೇ ಅಲ್ಲ. ಆದರೆ ಕಂಪನಿಗಳ ನಡುವಿನ ವ್ಯತ್ಯಾಸ ಕಾಲಕ್ರಮದಲ್ಲಿ ಕಿರಿದಾಗುತ್ತ ಬಂದಿದೆ ಎಂಬುದು ನಿಜ. ರೋಟರ್ ಯಂತ್ರಗಳ ಮಾರುಕಟ್ಟೆ ತೆರೆದದ್ದು 1975ರಲ್ಲಿ, ನ್ಯೂ ಹಾಲೆಂಡ್‌ನ ಟಿಆರ್70 ಬಂದಾಗ. ಅದರಲ್ಲಿ ಎರಡು ರೋಟರ್‌ಗಳು ಅಕ್ಕಪಕ್ಕದಲ್ಲಿದ್ದವು. 1977ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಒಂಟಿ ರೋಟರಿನ ‘ಆಕ್ಸಿಯಲ್ ಫ್ಲೋ’ ತಂದಿತು. ಆ ಹೆಸರನ್ನೂ ವಿನ್ಯಾಸವನ್ನೂ ಇಂದಿಗೂ ಮುಂದುವರಿಸಿರುವುದು ಕೇಸ್ ಐಎಚ್. 1979ರಲ್ಲಿ ಗ್ಲೀನರ್ ರೋಟರನ್ನೇ ಯಂತ್ರಕ್ಕೆ ಅಡ್ಡಲಾಗಿ ಕೂರಿಸಿತು. ಯಂತ್ರವನ್ನು ಹಗುರವಾಗಿಡುವ ಆ ಜಾಣತನವನ್ನು ಮೆಚ್ಚುವವರು ಈಗಲೂ ಇದ್ದಾರೆ. ಬಹುಕಾಲ ವಾಕರ್‌ನಲ್ಲೇ ನಿಂತಿದ್ದ ಜಾನ್ ಡಿಯರ್, 1999ರಲ್ಲಿ ಎಸ್‌ಟಿಎಸ್ ಮಾದರಿಗಳೊಂದಿಗೆ ಒಂಟಿ ರೋಟರಿಗೆ ಬಂದು, 2020ರ ಎಕ್ಸ್9ರಲ್ಲಿ ಎರಡು ರೋಟರಿಗೆ ಹೋಯಿತು. ಜರ್ಮನಿಯ ಕ್ಲಾಸ್ ಕಂಪನಿ 1990ರ ದಶಕದ ಮಧ್ಯದಲ್ಲಿ ಲೆಕ್ಸಿಯಾನ್ ಮೂಲಕ ಹೈಬ್ರಿಡ್ ಹಾದಿಯನ್ನು ಹಿಡಿಯಿತು. ಡ್ರಮ್ಮಿಗೆ ಮುಂಚೆಯೇ ಇನ್ನೊಂದು ಚಿಕ್ಕ ಡ್ರಮ್ ಇಟ್ಟು ಬೆಳೆಯ ವೇಗ ಹೆಚ್ಚಿಸಿ, ಮುಂಚಿತವಾಗಿಯೇ ಒಂದಷ್ಟು ಕಾಳು ಬೇರ್ಪಡಿಸುವುದು ಅದರ ವಿಶೇಷ. ಆಗ್ಕೋ ಸಮೂಹ 2017ರಲ್ಲಿ ಪರಿಚಯಿಸಿದ ಐಡಿಯಲ್ ಯಂತ್ರದ ದೊಡ್ಡ ಮಾದರಿಗಳಲ್ಲಿಯೂ ಎರಡು ಉದ್ದನೆಯ ರೋಟರ್‌ಗಳಿವೆ.

ಇಲ್ಲಿ ಗಮನಿಸಬೇಕಾದದ್ದು, ಒಂದೇ ಕಂಪನಿ ಬೇರೆ ಬೇರೆ ವಿನ್ಯಾಸಗಳನ್ನು ಮಾರುತ್ತದೆ ಎಂಬುದು. ನ್ಯೂ ಹಾಲೆಂಡ್‌ನ ಸಿಆರ್ ಸರಣಿ ಅವಳಿ ರೋಟರಿನದು, ಸಿಎಕ್ಸ್ ಸರಣಿ ವಾಕರ್‌ನದು. ಜಾನ್ ಡಿಯರ್‌ನ ಎಸ್ ಸರಣಿ ರೋಟರ್, ಟಿ ಸರಣಿ ವಾಕರ್. ಇನ್ನೊಂದೆಡೆ, ಕೇಸ್ ಐಎಚ್ ಮತ್ತು ನ್ಯೂ ಹಾಲೆಂಡ್ ಎರಡೂ 1999ರಿಂದ ಸಿಎನ್‌ಎಚ್ ಎಂಬ ಒಂದೇ ಒಡೆತನದಲ್ಲಿವೆ. ಫೆಂಟ್, ಮ್ಯಾಸಿ ಫರ್ಗ್ಯುಸನ್, ಗ್ಲೀನರ್ ಮೂರೂ ಆಗ್ಕೋದವು. ಹಾಗಾಗಿ ‘ನಾನು ಇಂಥ ಕಂಪನಿಯವನು’ ಎಂದು ಹೆಮ್ಮೆ ಪಡುವ ರೈತರು ಒಂದು ತಲೆಮಾರಿನಲ್ಲಿ ಮೂರು ಬಗೆಯ ಯಂತ್ರ ಓಡಿಸಿರುವ ಸಾಧ್ಯತೆ ಉಂಟು.

ಜಾಹೀರಾತಿನ ದಾಖಲೆಗಳಿಗೂ ಅಳತೆ ಮೀರಿ ಬೆಲೆ ಕೊಡಬೇಡಿ. 2014ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರ್‌ನಲ್ಲಿ ನ್ಯೂ ಹಾಲೆಂಡ್ ಸಿಆರ್10.90 ಎಂಟು ಗಂಟೆಗಳಲ್ಲಿ 797.656 ಟನ್ ಗೋಧಿ ಕೊಯ್ದದ್ದು ಗಿನ್ನೆಸ್ ದಾಖಲೆ. ಗಂಟೆಗೆ ನೂರು ಟನ್ನಿನ ಹತ್ತಿರ ಎಂದರೆ ಸಾಮಾನ್ಯ ಸಾಧನೆಯಲ್ಲ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂಥ ದಿನಕ್ಕೆ ಹೊಲ, ಬೆಳೆ, ಚಾಲಕ, ಧಾನ್ಯ ಸಾಗಿಸುವ ಟ್ರೇಲರ್‌ಗಳು ಎಲ್ಲವೂ ಮೊದಲೇ ಸಜ್ಜಾಗಿರುತ್ತವೆ. ನಿಮ್ಮ ಹೊಲದಲ್ಲಿ ಟ್ಯಾಂಕ್ ತುಂಬಿದ ಯಂತ್ರ ಟ್ರೇಲರ್ ಬರುವುದನ್ನೇ ಕಾಯುತ್ತ ನಿಂತಿದ್ದರೆ, ರೋಟರ್ ಒಂದೋ ಎರಡೋ ಎಂಬ ಚರ್ಚೆಗೆ ಅರ್ಥವಿರುವುದಿಲ್ಲ.

ಪ್ರಶ್ನೆ: ನಮ್ಮ ಯಂತ್ರದ ಹಿಂದೆ ಕಾಳು ಬೀಳುತ್ತಿದೆ. ಪಕ್ಕದ ಹೊಲದವರ ಬೇರೆ ಕಂಪನಿಯ ಯಂತ್ರದಲ್ಲಿ ಹಾಗಾಗುವುದಿಲ್ಲವೆಂದು ಅವರು ತಮ್ಮ ಡ್ರಮ್ಮಿನ ವೇಗವನ್ನು ಹೇಳಿದರು. ನಾವೂ ಅಷ್ಟೇ ಇಟ್ಟೆವು. ಈಗ ಟ್ಯಾಂಕಿನಲ್ಲಿ ಒಡೆದ ಕಾಳು ಹೆಚ್ಚಾಗಿದೆ. ಯಂತ್ರವನ್ನೇ ಬದಲಿಸಬೇಕೇ?

ಉತ್ತರ: ಖಂಡಿತ ಬೇಡ. ಮೊದಲು ಎಣಿಸಿ, ಆಮೇಲೆ ತಿರುಪು ಮುಟ್ಟಿ.

ಡ್ರಮ್ಮಿನ ವೇಗದಿಂದಲೇ ಆರಂಭಿಸೋಣ. ಕಾಳಿಗೆ ಬೀಳುವ ಏಟನ್ನು ನಿರ್ಧರಿಸುವುದು ನಿಮಿಷಕ್ಕೆ ಎಷ್ಟು ಸುತ್ತು ಎಂಬುದಲ್ಲ, ಡ್ರಮ್ಮಿನ ಅಂಚು ಸೆಕೆಂಡಿಗೆ ಎಷ್ಟು ಮೀಟರ್ ಚಲಿಸುತ್ತದೆ ಎಂಬುದು. 600 ಮಿಲಿಮೀಟರ್ ವ್ಯಾಸದ ಡ್ರಮ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 31 ಮೀಟರ್. ಒಣಗಿದ ಗೋಧಿಗೆ ಅದು ಒಪ್ಪುತ್ತದೆ. ಅದೇ 1000 ಸುತ್ತನ್ನು 750 ಮಿಲಿಮೀಟರ್ ಡ್ರಮ್ಮಿನಲ್ಲಿಟ್ಟರೆ ವೇಗ 39 ಮೀಟರ್ ದಾಟುತ್ತದೆ, ಗೋಧಿ ಸೀಳುತ್ತದೆ. ಆ ಡ್ರಮ್ಮಿಗೆ 800 ಸುತ್ತು ಸಾಕು. ಪಕ್ಕದವರ ಯಂತ್ರದ ಅಂಕಿಯನ್ನು ತಂದು ನಿಮ್ಮ ಯಂತ್ರಕ್ಕೆ ಹಾಕಿದ್ದೇ ಕಾಳು ಒಡೆಯಲು ಕಾರಣವಾಗಿರುವ ಸಂಭವ ಹೆಚ್ಚು. ಮೆಕ್ಕೆಜೋಳಕ್ಕಾದರೆ ಗೋಧಿಯ ಅರ್ಧದಷ್ಟು ಅಂಚಿನ ವೇಗವೇ ಸಾಕಾಗುತ್ತದೆ ಎಂಬುದನ್ನೂ ನೆನಪಿಡಿ.

ಇನ್ನು ನಷ್ಟದ ಎಣಿಕೆ. ಗೋಧಿಯ ಸಾವಿರ ಕಾಳು ಸುಮಾರು 40 ಗ್ರಾಂ ತೂಗುತ್ತದೆ ಎಂದುಕೊಳ್ಳಿ, ಅಂದರೆ ಗ್ರಾಮಿಗೆ 25 ಕಾಳು. ಹೆಕ್ಟೇರಿಗೆ 5 ಟನ್ ಇಳುವರಿಯಲ್ಲಿ ಶೇಕಡಾ ಒಂದು ಎಂದರೆ 50 ಕಿಲೋ. ಚದರ ಮೀಟರಿಗೆ 5 ಗ್ರಾಂ. ಅಂದರೆ 125 ಕಾಳು. ಆದರೆ ಯಂತ್ರ 6 ಮೀಟರ್ ಅಗಲಕ್ಕೆ ಕೊಯ್ದು ಹುಲ್ಲನ್ನು ಒಂದೂವರೆ ಮೀಟರ್ ಅಗಲದ ಸಾಲಿನಲ್ಲಿ ಬಿಡುತ್ತದೆ. ನಾಲ್ಕು ಪಟ್ಟು ಅಗಲದ ನಷ್ಟ ಆ ಒಂದೇ ಸಾಲಿನಲ್ಲಿ ಬಿದ್ದಿರುವುದರಿಂದ, ಅಲ್ಲಿ ಚದರ ಮೀಟರಿಗೆ 500 ಕಾಳು ಕಂಡರೂ ನಷ್ಟ ಶೇಕಡಾ ಒಂದೇ. ಸಾಲಿನ ಹುಲ್ಲನ್ನು ಸರಿಸಿ ನೆಲ ನೋಡಿದವರಿಗೆ ಎದೆ ಧಸಕ್ಕೆನ್ನುವುದು ಸಹಜ. ಲೆಕ್ಕ ಹಾಕಿದ ಮೇಲೆ ಅನೇಕರು ಸಮಾಧಾನಗೊಳ್ಳುತ್ತಾರೆ.

ಎಣಿಸುವ ಕ್ರಮ ಹೀಗೆ. ಎಂದಿನ ವೇಗದಲ್ಲಿ ಕೊಯ್ಯುತ್ತಿರುವಾಗ ಯಂತ್ರವನ್ನು ಥಟ್ಟನೆ ನಿಲ್ಲಿಸಿ, ಒಂದು ಯಂತ್ರದುದ್ದ ಹಿಂದಕ್ಕೆ ತನ್ನಿ. ಬಳಿಕ ಎಂಜಿನ್ ಆರಿಸಿ, ಎಲ್ಲ ಭಾಗಗಳೂ ಸಂಪೂರ್ಣ ನಿಂತ ಮೇಲೆ ಕೆಳಗಿಳಿದು ಮೂರು ಕಡೆ ನೋಡಿ. ಇನ್ನೂ ಕೊಯ್ಯದ ಬೆಳೆಯ ಬುಡದಲ್ಲಿ ಬಿದ್ದಿರುವುದು ತಾನಾಗಿ ಉದುರಿದ ಕಾಳು. ಅದಕ್ಕೆ ಯಾವ ಯಂತ್ರವೂ ಹೊಣೆಯಲ್ಲ. ಯಂತ್ರದ ಮುಂದಿರುವ ಕೊಯ್ಯುವ ಭಾಗ, ಅಂದರೆ ಹೆಡರ್, ಹಾದುಹೋಗಿದ್ದರೂ ಹಿಂಬದಿಯ ಹುಲ್ಲು ಇನ್ನೂ ಬಿದ್ದಿರದ ಜಾಗದಲ್ಲಿ ಅದಕ್ಕಿಂತ ಹೆಚ್ಚಿಗೆ ಕಂಡಷ್ಟೂ ಹೆಡರಿನ ನಷ್ಟ. ಹುಲ್ಲಿನ ಸಾಲಿನ ಕೆಳಗೆ ಇವೆರಡನ್ನೂ ಕಳೆದು ಉಳಿದದ್ದು ಯಂತ್ರದ ಒಳಗಿನ ನಷ್ಟ. ಹಿಂದೆ ಬಿದ್ದ ಕಾಳಿಗೆಲ್ಲ ಡ್ರಮ್ಮನ್ನು ದೂರುವವರು ಬೆಳೆಯನ್ನು ಒಳಕ್ಕೆ ಬಾಗಿಸುವ ಹೆಡರಿನ ರೀಲ್ ಅತಿ ವೇಗವಾಗಿ ತಿರುಗುತ್ತ ತೆನೆಯನ್ನು ಬಡಿಯುತ್ತಿರುವುದನ್ನು ನೋಡಿರುವುದೇ ಇಲ್ಲ.

ಒಳಗಿನ ನಷ್ಟವೇ ಹೆಚ್ಚಿದ್ದರೆ ಅದರ ರೂಪವನ್ನು ನೋಡಿ. ತೆನೆಯಲ್ಲೇ ಕಾಳು ಉಳಿದಿದ್ದರೆ ಒಕ್ಕಣೆ ಸಾಲದು: ಕಾನ್‌ಕೇವ್ ಸ್ವಲ್ಪ ಬಿಗಿ ಮಾಡಿ, ಆಗಲೂ ಸರಿಹೋಗದಿದ್ದರೆ ವೇಗವನ್ನು ಸ್ವಲ್ಪವೇ ಏರಿಸಿ. ಬಿಡಿ ಕಾಳು ಉದ್ದ ಹುಲ್ಲಿನೊಂದಿಗೆ ಬರುತ್ತಿದ್ದರೆ ವಾಕರಿಗೆ ಅಥವಾ ರೋಟರಿಗೆ ಹೊರೆ ಹೆಚ್ಚಾಗಿದೆ, ಯಂತ್ರವನ್ನು ನಿಧಾನವಾಗಿ ಓಡಿಸಿ. ಬಿಡಿ ಕಾಳು ಹೊಟ್ಟಿನೊಂದಿಗೆ ಬರುತ್ತಿದ್ದರೆ ಜರಡಿ ಮತ್ತು ಫ್ಯಾನ್ ನೋಡಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಗಾಳಿ ಕಾಳನ್ನು ಹಾರಿಸುತ್ತಿದೆ ಎಂದು ಫ್ಯಾನ್ ಇಳಿಸುವುದು. ಗಾಳಿ ಸಾಲದಿದ್ದಾಗ ಹೊಟ್ಟು ಜರಡಿಯ ಮೇಲೆ ಚಾಪೆಯಂತೆ ಕೂತು, ಕಾಳು ಅದರ ಮೇಲೇ ಜಾರಿ ಹೊರಗೆ ಹೋಗುತ್ತದೆ; ಆಗ ಫ್ಯಾನ್ ಇಳಿಸಿದಷ್ಟೂ ನಷ್ಟ ಏರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಎಣಿಸಿ. ಕ್ಯಾಬಿನಿನಲ್ಲಿರುವ ನಷ್ಟಸೂಚಕ ಏರಿತೋ ಇಳಿಯಿತೋ ಎಂಬುದನ್ನಷ್ಟೇ ತೋರಿಸುತ್ತದೆ. ನೆಲದ ಎಣಿಕೆಯೊಂದಿಗೆ ಹೊಂದಿಸದಿದ್ದರೆ ಅದರ ಗೆರೆಗಳಿಗೆ ತೂಕವಿಲ್ಲ.

ಪ್ರಶ್ನೆ: ಡ್ರೇಪರ್ ಹೆಡರ್‌ಗೆ ಹೆಚ್ಚಿನ ಹಣ ಕೊಡುವುದು ಸಾರ್ಥಕವೇ?

ಉತ್ತರ: ಹೆಡರ್ ಅಗಲವಾಗಿದ್ದಷ್ಟೂ ಸಾರ್ಥಕ. ಆಗರ್ ಹೆಡರ್‌ನಲ್ಲಿ ಸುರುಳಿಯು ಬೆಳೆಯನ್ನು ಎರಡು ಬದಿಯಿಂದ ನಡುವಿಗೆ ಎಳೆದು ತರುವಾಗ ಗಂಟುಗಂಟಾಗಿ ಒಳಕ್ಕೆ ಹೋಗುವುದುಂಟು. ಡ್ರೇಪರ್‌ನಲ್ಲಿ ರಬ್ಬರ್ ಪಟ್ಟಿಗಳು ಬೆಳೆಯನ್ನು ತೆನೆ ಮುಂದಾಗಿ ಸಮನಾಗಿ ಒಯ್ಯುತ್ತವೆ. ಒಳಗೆ ಹೋಗುವ ಪದರ ಸಮವಾಗಿದ್ದರೆ ಒಕ್ಕಣೆಯೂ ಸಮವಾಗಿರುತ್ತದೆ. ಚಿಕ್ಕ ಹೆಡರ್‌ಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಸೋಯಾಗೆ ನೆಲದ ಏರಿಳಿತಕ್ಕೆ ಬಾಗುವ ಕತ್ತರಿಪಟ್ಟಿ ಇರಲೇಬೇಕು, ಏಕೆಂದರೆ ಕೆಳಗಿನ ಕಾಯಿಗಳು ನೆಲಕ್ಕೆ ತೀರ ಹತ್ತಿರ ಇರುತ್ತವೆ.

ಪ್ರಶ್ನೆ: ಭತ್ತ ಕೊಯ್ಯಲು ಗೋಧಿಯ ಯಂತ್ರ ಸಾಲದೇ?

ಉತ್ತರ: ಕೊಯ್ಯುತ್ತದೆ, ಆದರೆ ಬೇಗ ಸವೆಯುತ್ತದೆ. ಭತ್ತದ ಹುಲ್ಲು ಹಸಿಯಾಗಿ, ಗಟ್ಟಿಯಾಗಿ, ಮರಳು ಕಾಗದದಂತೆ ಒರಟಾಗಿರುತ್ತದೆ. ಅದಕ್ಕಾಗಿ ಡ್ರಮ್ಮಿನಲ್ಲಿ ಉಜ್ಜುವ ಪಟ್ಟಿಗಳ ಬದಲು ಹಲ್ಲುಗಳಿರುವ ಯಂತ್ರಗಳಿವೆ. ಕೆಸರು ಗದ್ದೆಯಲ್ಲಿ ಗಾಲಿಗಿಂತ ರಬ್ಬರ್ ಟ್ರ್ಯಾಕ್ ಮೇಲು, ಯಂತ್ರದ ಭಾರ ಅಗಲವಾಗಿ ಹರಡುತ್ತದೆ. ಕುಬೋಟಾ, ಯಾನ್ಮಾರ್, ಇಸೆಕಿ ಮುಂತಾದ ಜಪಾನಿನ ಕಂಪನಿಗಳು ಚಿಕ್ಕ ಗದ್ದೆಗಳಿಗೆಂದೇ ರೂಪಿಸಿದ ಇನ್ನೊಂದು ಬಗೆಯಲ್ಲಿ, ಸರಪಳಿಯೊಂದು ಕಾಂಡವನ್ನು ಹಿಡಿದುಕೊಂಡಿದ್ದು ತೆನೆಯ ಭಾಗವನ್ನಷ್ಟೇ ಡ್ರಮ್ಮಿಗೆ ಒಡ್ಡುತ್ತದೆ. ಹುಲ್ಲು ಇಡಿಯಾಗಿ ಉಳಿಯುತ್ತದೆ, ಕಡಿಮೆ ಶಕ್ತಿ ಸಾಕು. ಆದರೆ ಮೆಕ್ಕೆಜೋಳ, ಸೋಯಾ ಬೆಳೆಗಳಿಗೆ ಅದು ಆಗುವುದಿಲ್ಲ. ಭತ್ತವೊಂದನ್ನೇ ಬೆಳೆದು ಹುಲ್ಲನ್ನು ಉಳಿಸಿಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ವಿನ್ಯಾಸ ಇಲ್ಲ.

ಪ್ರಶ್ನೆ: ಬಳಸಿದ ಯಂತ್ರ ಕೊಳ್ಳುವಾಗ ಗಂಟೆಗಳ ಮೀಟರ್ ನೋಡಿದರೆ ಸಾಕೇ?

ಉತ್ತರ: ಮೀಟರ್‌ಗಳು ಎರಡಿರುತ್ತವೆ ಎಂಬುದನ್ನು ಅನೇಕರು ಮರೆಯುತ್ತಾರೆ: ಎಂಜಿನ್ ಓಡಿದ ಗಂಟೆ ಒಂದು, ಒಕ್ಕಣೆಯ ಭಾಗ ಓಡಿದ ಗಂಟೆ ಇನ್ನೊಂದು. ಎಂಜಿನ್ನಿನದು ಹೆಚ್ಚಿದ್ದು ಒಕ್ಕಣೆಯದು ಬಹಳ ಕಡಿಮೆಯಿದ್ದರೆ ಯಂತ್ರ ರಸ್ತೆಯಲ್ಲಿ ಓಡಿದೆ ಅಥವಾ ಸುಮ್ಮನೆ ಚಾಲೂ ಆಗಿ ನಿಂತಿದೆ ಎಂದರ್ಥ. ಬೆಲೆ ಕಟ್ಟುವುದು ಎರಡನೆಯದರ ಮೇಲೆ.

ಆದರೂ ಅಂಕಿಗಿಂತ ಕೈಗೆ ಸಿಗುವ ಸವೆತವನ್ನೇ ನಂಬಿ. ಡ್ರಮ್ಮಿನ ಪಟ್ಟಿಗಳ ಮೇಲಿನ ಗೀರುಗಳ ಅಂಚು ಬೆರಳಿಗೆ ಚುಚ್ಚುವಂತಿರಬೇಕು. ನುಣುಪಾಗಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಒಂದೆರಡು ಪಟ್ಟಿ ಮಾತ್ರ ಹೊಸದಾಗಿದ್ದರೆ ಅವು ಎದುರುಬದುರಿನ ಜೋಡಿಯೇ ಎಂದು ನೋಡಿ, ಒಂಟಿಯಾಗಿ ಬದಲಿಸಿದ ಪಟ್ಟಿ ಡ್ರಮ್ಮಿನ ಸಮತೋಲ ಕೆಡಿಸಿ ಬೇರಿಂಗ್ ತಿನ್ನುತ್ತದೆ. ಕಾನ್‌ಕೇವ್‌ನ ನಡುಭಾಗ ಬದಿಗಳಿಗಿಂತ ಹೆಚ್ಚು ಸವೆದಿರುವುದು ಸಾಮಾನ್ಯ. ಧಾನ್ಯ ಇಳಿಸುವ ಆಗರಿನ ಕೊಳವೆಯ ತಳವನ್ನು ಕೀಲಿಕೈಯಿಂದ ತಟ್ಟಿ ನೋಡಿ. ತೆಳುವಾಗಿದ್ದರೆ ಸದ್ದೇ ಹೇಳುತ್ತದೆ. ವಾಕರ್ ಯಂತ್ರವಾದರೆ ವಾಕರನ್ನು ಕೈಯಿಂದ ಎತ್ತಿ ಅಲ್ಲಾಡಿಸಿ, ಕ್ರ್ಯಾಂಕ್ ಬೇರಿಂಗಿನ ಸಡಿಲತೆ ತಿಳಿಯುತ್ತದೆ. ಎಂಜಿನ್ ಮತ್ತು ಹೊಗೆಕೊಳವೆಯ ಸುತ್ತ ಹಳೆಯ ಹೊಟ್ಟು ಗಟ್ಟಿಯಾಗಿ ಮೆತ್ತಿಕೊಂಡಿದ್ದರೆ ಹಿಂದಿನ ಒಡೆಯರು ದಿನವೂ ಗಾಳಿ ಹಾಯಿಸಿ ಶುಚಿ ಮಾಡಿಲ್ಲ. ಕಂಬೈನ್‌ಗೆ ಬೆಂಕಿ ಬೀಳುವುದು ಹೆಚ್ಚಾಗಿ ಹೀಗೆಯೇ. ಅಂಥವರು ಬೇರಿಂಗಿಗೆ ಗ್ರೀಸ್ ಹೊಡೆದಿರುತ್ತಾರೆ ಎಂದು ನಂಬಲು ನಮಗಂತೂ ಮನಸ್ಸಾಗುವುದಿಲ್ಲ.

ಪ್ರಶ್ನೆ: ಹೊಸ ಯಂತ್ರಗಳನ್ನು ನಾವೇ ರಿಪೇರಿ ಮಾಡಲು ಬಿಡುವುದಿಲ್ಲ ಎಂಬ ಮಾತು ನಿಜವೇ? ಈ ವಿಷಯದಲ್ಲಿ ಯಾವ ಕಂಪನಿ ಮೇಲು?

ಉತ್ತರ: ಬೆಲ್ಟು, ಬೇರಿಂಗು, ಜರಡಿ ಇವುಗಳನ್ನು ಬದಲಿಸಲು ಯಾರ ಅಪ್ಪಣೆಯೂ ಬೇಡ. ತಕರಾರು ಇರುವುದು ಸಾಫ್ಟ್‌ವೇರಿನಲ್ಲಿ. ಒಂದು ಸೆನ್ಸರ್ ಬದಲಿಸಿದ ಮೇಲೆ ಯಂತ್ರ ಅದನ್ನು ಒಪ್ಪಿಕೊಳ್ಳಲು ಡೀಲರ್‌ನ ಕಂಪ್ಯೂಟರ್ ಬೇಕಾಗುವ ಸಂದರ್ಭಗಳಿವೆ, ಮತ್ತು ಅದು ಕೊಯ್ಲಿನ ನಡುವೆಯೇ ಆಗುತ್ತದೆ. ಅಮೆರಿಕದಲ್ಲಿ ಈ ವಿವಾದ ಬೆಳೆದು, 2023ರ ಜನವರಿಯಲ್ಲಿ ಅಲ್ಲಿನ ರೈತ ಸಂಘಟನೆಯಾದ ಫಾರ್ಮ್ ಬ್ಯೂರೋ ಒಕ್ಕೂಟಕ್ಕೂ ಜಾನ್ ಡಿಯರ್‌ಗೂ ರಿಪೇರಿ ಉಪಕರಣ ಮತ್ತು ಮಾಹಿತಿ ಒದಗಿಸುವ ಬಗ್ಗೆ ಒಡಂಬಡಿಕೆಯಾಯಿತು. ಅದೇ ವರ್ಷ ಸಿಎನ್‌ಎಚ್ ಮತ್ತು ಆಗ್ಕೋ ಕೂಡ ಇಂಥದೇ ಒಡಂಬಡಿಕೆಗೆ ಬಂದವು. ಅಷ್ಟಕ್ಕೆ ಮುಗಿಯದೆ, 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ರಿಪೇರಿಯ ಮೇಲಿನ ನಿರ್ಬಂಧಗಳ ಕುರಿತು ಜಾನ್ ಡಿಯರ್ ವಿರುದ್ಧ ಮೊಕದ್ದಮೆ ಹೂಡಿತು.

ಈ ವಿಷಯದಲ್ಲಿ ಕಂಪನಿಗಿಂತ ಡೀಲರ್ ಮುಖ್ಯ. ಕೊಳ್ಳುವ ಮುನ್ನ ಮೂರು ಸಂಗತಿಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ: ಯಾವ ದೋಷಸಂಕೇತಗಳನ್ನು ಒಡೆಯರೇ ಓದಿ ಅಳಿಸಬಹುದು, ಯಾವ ಭಾಗ ಬದಲಿಸಿದರೆ ಡೀಲರ್‌ನ ಕಂಪ್ಯೂಟರ್ ಬೇಕಾಗುತ್ತದೆ, ಮತ್ತು ಕೊಯ್ಲಿನ ವಾರಗಳಲ್ಲಿ ಕರೆದ ಎಷ್ಟು ಹೊತ್ತಿಗೆ ಮೆಕ್ಯಾನಿಕ್ ಹೊಲಕ್ಕೆ ಬರುತ್ತಾರೆ. ಮೂರನೆಯದಕ್ಕೆ ನೇರ ಉತ್ತರ ಕೊಡಲು ಹಿಂಜರಿಯುವ ಡೀಲರ್‌ನಿಂದ, ಯಂತ್ರ ಎಷ್ಟೇ ಚೆನ್ನಾಗಿದ್ದರೂ, ಕೊಳ್ಳಬೇಡಿ.